ಮದುವಣಿಗನ ಗಡಿಯಾರ

ಗಡಿಯಾರಕ್ಕೂ ವಿವಾಹಕ್ಕೂ ಇರುವ ನಂಟು ಈ ದೇಶದಲ್ಲಿ ಬಹು ಪುರಾತನವಾದುದು. ಅಹೋರಾತ್ರವನ್ನು 60 ಗಳಿಗೆಗಳಾಗಿ ವಿಭಾಗಿಸಿ, ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗುವ ಕಾಲವನ್ನು ಒಂದು ಗಳಿಗೆಯೆಂದು, ಎಂದರೆ ಈಗಿನ 24 ನಿಮಿಷವೆಂದು, ಎಣಿಸುತ್ತಿದ್ದರು. ಶುಭಮುಹೂರ್ತವನ್ನು ಅರಿಯಲು ವಿವಾಹಮಂಟಪದಲ್ಲಿ ಈ ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ಭಾಸ್ಕರಾಚಾರ್ಯರ ಮಗಳ ಆಭರಣದ ಮುತ್ತೊಂದು ಬಟ್ಟಲಿನೊಳಕ್ಕೆ ಬಿದ್ದು, ರಂಧ್ರವು ಮುಚ್ಚಿ, ಲಗ್ನವು ಮೀರಿಹೋಯಿತೆಂಬ ಕಥೆಯನ್ನು ಕೇಳದವರು ವಿರಳ. 1150ರಲ್ಲಿ ರಚಿತವಾದ ಲೀಲಾವತಿಯಲ್ಲಿ ಈ ಕಥೆಯಿಲ್ಲ. 1587ರಲ್ಲಿ ಆ ಗ್ರಂಥವನ್ನು ಪಾರಸಿಗೆ ಪರಿವರ್ತಿಸಿದ ಫೈಜಿಯಿಂದ ಇದು ಪ್ರಚಾರಕ್ಕೆ ಬಂದಿತು. ಕಟ್ಟುಕಥೆಯೇ ಆದರೂ, ಕಾಲವನ್ನು ಅಳೆಯುವ ಸಾಧನದ ಮೇಲೆ ಕನ್ಯೆಯ ಭಾಗ್ಯವು ನಿಂತಿದ್ದುದನ್ನು ಅದು ಚೆನ್ನಾಗಿ ಹೇಳುತ್ತದೆ. ಮುಂದೆ ಆ ಭಾಗ್ಯವು ಮತ್ತೊಂದು ರೀತಿಯಲ್ಲಿ ಗಡಿಯಾರವನ್ನು ಅವಲಂಬಿಸಬೇಕಾಗಿ ಬಂದಿತು.

ರಾಮನಗರ, ಚನ್ನಪಟ್ಟಣಗಳಿಗೆ ನಿಮಿಷದ ಲೆಕ್ಕವನ್ನು ತಂದದ್ದು ರೈಲು. ಬೆಂಗಳೂರಿನಿಂದ ಹೊರಟ ಹಳಿಯು 1882ರ ವೇಳೆಗೆ ಮೈಸೂರನ್ನು ಮುಟ್ಟಿತು; ಆಗ ರಾಮನಗರಕ್ಕೆ ಕ್ಲೋಸ್‌ಪೇಟೆಯೆಂದು ಹೆಸರು. ಕನಕಪುರ, ಮಾಗಡಿ ಪಟ್ಟಣಗಳಿಗೆ ಆ ಹಳಿ ಬರಲಿಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ವೇಳೆಯು ನಿಯತವಾದ ಮೇಲೆ, ಉದ್ದಂಗಿಯ ಜೇಬಿನಲ್ಲಿ ಸರಪಳಿಯ ಗಡಿಯಾರವು ಅಧಿಕಾರಸ್ಥರ ಲಕ್ಷಣವಾಯಿತು. ಕಾಲಕ್ರಮದಲ್ಲಿ ಅದು ಮುಂಗೈಗೇರಿತು.

ಸ್ವಿಟ್ಜರ್ಲೆಂಡಿನ ಕುಶಲಿಗಳು ಸಭೆಸಮಾರಂಭಗಳಿಗೆಂದೇ ಮಾಡುತ್ತಿದ್ದ ಕೈಗಡಿಯಾರವು ತೆಳುವಾದುದು; ಚಿನ್ನದ ಕವಚ, ಆಡಂಬರವಿಲ್ಲದ ಮುಖ, ಚರ್ಮದ ಪಟ್ಟಿ. ಅಂಗಿಯ ತೋಳಿನ ಒಳಗೆ ಮರೆಯಾಗಿರುವುದೇ ಅದರ ಸಭ್ಯತೆಯೆಂದು ಅಲ್ಲಿಯವರ ಭಾವನೆ. ಇಲ್ಲಿಯಾದರೋ ಅದು ಕಾಣಲೆಂದೇ ಬಂದಿತು! ವರೋಪಚಾರದ ತಟ್ಟೆಯಲ್ಲಿ ಉಂಗುರದ ಪಕ್ಕದಲ್ಲಿ ಕುಳಿತು, ಬೀಗರ ಕೈಯಿಂದ ಕೈಗೆ ಹೋಗಿ, ಕಡೆಗೆ ವರನ ಮಣಿಕಟ್ಟನ್ನು ಸೇರಿತು. ಪ್ರೀತಿಯಿಂದ ಕೊಡುತ್ತಿದ್ದುದು ಪದ್ಧತಿಯಾಯಿತು, ಪದ್ಧತಿಯು ಹಕ್ಕಾಯಿತು. ಒಮೆಗಾ, ಫಾವ್ರ್ ಲೂಬಾ ಎಂಬ ಹೆಸರುಗಳನ್ನು ಹೇಳಿ ಕೇಳುವ ವರಪಿತೃಗಳು ಹುಟ್ಟಿಕೊಂಡರು. ರೇಷ್ಮೆಗೂಡು ಮಾರಿದ ಹಣವೇ ಮದುವೆಯ ಹಣವಾಗಿದ್ದ ಮನೆಗಳಲ್ಲಿ ಇದು ಹಗುರವಾದ ಹೊರೆಯಲ್ಲ.

1961ನೆಯ ವರ್ಷವು ಈ ಚರಿತ್ರೆಯಲ್ಲಿ ಎರಡು ಕಾರಣಗಳಿಂದ ಗಣ್ಯವಾದುದು. ವರದಕ್ಷಿಣೆ ನಿಷೇಧ ಶಾಸನವು ಜಾರಿಗೆ ಬಂದದ್ದು ಆ ವರ್ಷದ ಜುಲೈ 1ರಂದು. ಎಚ್.ಎಂ.ಟಿ.ಯವರು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿದ್ದೂ ಆ ವರ್ಷವೇ. (ಎಚ್.ಎಂ.ಟಿ.ಯು ಜನ್ಮವೆತ್ತಿದ 1953ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದವರು ರಾಮನಗರದ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು.) ಒಂದು ಕೈ ಬೇಡವೆಂದಿತು, ಇನ್ನೊಂದು ಕೈ ಸುಲಭಗೊಳಿಸಿತು. ಮದುವೆಗೆ ಪ್ರತಿಫಲವಾಗಿ ಕೊಟ್ಟದ್ದಲ್ಲದ ಉಡುಗೊರೆಯು ವರದಕ್ಷಿಣೆಯಲ್ಲವೆಂದು ಆ ಶಾಸನವು ವಿವರಿಸಿದ್ದುದರಿಂದ, ಗಡಿಯಾರವು ಉಡುಗೊರೆಯೆಂಬ ಹೆಸರನ್ನು ಹೊತ್ತು ನಿರಾತಂಕವಾಗಿ ಮಂಟಪವನ್ನು ಪ್ರವೇಶಿಸಿತು. 1984ರ ತಿದ್ದುಪಡಿಯು ಆ ಬಾಗಿಲನ್ನು ಕಿರಿದುಗೊಳಿಸಿ, ಕೇಳದೆ ಕೊಟ್ಟ ಉಡುಗೊರೆಗಳಿಗೂ ಪಟ್ಟಿಯಿರಬೇಕೆಂದು ವಿಧಿಸಿತು. ಅಂತಹ ಪಟ್ಟಿಯನ್ನು ಬರೆದಿಟ್ಟ ಮನೆಗಳೆಷ್ಟು?

ಜನತಾ ಎಂಬುದು ನಿತ್ಯದ ಗಡಿಯಾರ. ಸೋನಾ, ಕಾಂಚನ್ ಎಂಬುವು ಹೆಸರಿನಿಂದಲೇ ಚಿನ್ನ. ವಿವಾಹಮಾಸಗಳಲ್ಲಿ ಕಾಂಚನ್‌ಗೆ ಬಹಳ ಬೇಡಿಕೆಯಿದ್ದಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಬಳಿಕ ಬ್ಯಾಟರಿಯ ಗಡಿಯಾರಗಳು ಬಂದವು, ಟೈಟನ್ ಬಂದಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು ಒಪ್ಪಿತು. ಮುಚ್ಚುವ ಸುದ್ದಿ ಹಬ್ಬಿದೊಡನೆ, ಅದುವರೆಗೆ ಯಾರೂ ಕೇಳದಿದ್ದ ಗಡಿಯಾರಗಳನ್ನು ಅರಸುವ ಸಂಗ್ರಾಹಕರು ತಲೆದೋರಿದರು.

ಸಂಗ್ರಹವೆಂಬುದು ಶ್ಲಾಘ್ಯವಾದ ವ್ಯಸನ. ಆದರೆ ಅದರಿಂದಲೇ ಒಂದು ಅನರ್ಥವೂ ಉಂಟಾಗಿದೆ. ಹಳೆಯ ಗಡಿಯಾರದ ಮಾಸಿದ ಮುಖವನ್ನು ಕೆರೆದು, ಹೊಸದಾಗಿ ಬಣ್ಣ ಬಳಿದು, ಕೆಂಪು ನೀಲಿಗಳಲ್ಲಿ ಥಳಥಳಿಸುವಂತೆ ಮಾಡಿ ಮಾರುವವರಿದ್ದಾರೆ. ಓಲೆಗರಿಯ ಪ್ರತಿಯಲ್ಲಿ ತನಗೆ ತಿಳಿಯದ ಶಬ್ದವನ್ನು ಅಳಿಸಿ, ತಿಳಿದ ಶಬ್ದವನ್ನು ತುಂಬುವ ಲಿಪಿಕಾರನ ಕೆಲಸವಿದು. ಮೂಲಪಾಠವು ನಷ್ಟವಾದ ಮೇಲೆ ಪ್ರತಿಯು ಎಷ್ಟು ಸುಂದರವಾಗಿದ್ದರೇನು? ಪರೀಕ್ಷಕರು ಅಕ್ಷರಗಳ ಅಂಚನ್ನು ಭೂತಗಾಜಿನಿಂದ ನೋಡುತ್ತಾರೆ. ಮೂಲದ ಮುದ್ರೆ ಸಣ್ಣದಾಗಿ, ಸ್ಫುಟವಾಗಿರುತ್ತದೆ, ಮರುಬಣ್ಣದ್ದು ಉಬ್ಬಿ ಚದರಿರುತ್ತದೆ. ಮುಳ್ಳುಗಳೂ ಕೀಲಿ ಕೊಡುವ ತಿರುಪೂ ಅದೇ ಗಡಿಯಾರದವೋ, ಬೇರೆಯದರಿಂದ ಕಿತ್ತು ಕೂಡಿಸಿದವೋ ಎಂಬುದನ್ನೂ ವಿಚಾರಿಸುತ್ತಾರೆ. ಮಾಸಿದ ಮುಖವೇ ಅವರಿಗೆ ಪ್ರಮಾಣ.

ಕವಚದ ಬೆನ್ನಿನದು ಇನ್ನೂ ಹೆಚ್ಚಿನ ಸಂಗತಿ. ಕೊಟ್ಟವರ ಹೆಸರನ್ನೂ ವಿವಾಹದ ದಿನಾಂಕವನ್ನೂ ಅಲ್ಲಿ ಕೊರೆಯಿಸುವ ರೂಢಿಯುಂಟು. ಮಗಳ ಮದುವೆಗೆ ತಂದೆಯೊಬ್ಬನು ಏನನ್ನು ತೆತ್ತನೆಂಬುದಕ್ಕೆ ಎಷ್ಟೋ ಮನೆಗಳಲ್ಲಿ ಉಳಿದಿರುವ ಶಾಸನವು ಅದೊಂದೇ ಆಗಿರಬಹುದು. ಬೆಲೆ ಇಳಿಯುವುದೆಂದು ಮಾರುವವರು ಅದನ್ನು ಉಜ್ಜಿ ನುಣುಪು ಮಾಡಿಬಿಡುತ್ತಾರೆ; ಗಡಿಯಾರದೊಂದಿಗೆ ಲಗ್ನಪತ್ರಿಕೆಯನ್ನೂ ಕೇಳಿ ತೆಗೆದುಕೊಳ್ಳುವ ಸಂಗ್ರಾಹಕರಂತೂ ಬಹಳ ಕಡಿಮೆ.