ಭೋಸಲೆ ವಂಶಮೂಲ
ಛತ್ರಪತಿ ಶಿವಾಜಿ (1630–80) ಹುಟ್ಟಿದ ಮರಾಠ ಮನೆತನದ ಪೂರ್ವಪೀಳಿಗೆಗಳ ಕುರಿತ, ಇನ್ನೂ ಇತ್ಯರ್ಥವಾಗದ ಚಾರಿತ್ರಿಕ ಪ್ರಶ್ನೆ. ಮನೆತನ ವೇರೂಳ ಪರಿಸರದ್ದು. ಬಾಬಾಜಿಯ ಮಗ, ಶಿವಾಜಿಯ ಅಜ್ಜ ಮಾಲೋಜಿಗೆ ನಿಜಾಮಶಾಹಿಯಿಂದ ಪುಣೆ ಸೀಮೆ ಜಹಗೀರಾಗಿ ಬಂತು. 1674ರ ರಾಯಗಡ ಪಟ್ಟಾಭಿಷೇಕದ ಹೊತ್ತಿಗೆ ಕಾಶಿಯ ಪಂಡಿತ ಗಾಗಾಭಟ್ಟ ಈ ವಂಶ ಮೇವಾಡದ ಸಿಸೋದಿಯ ಕ್ಷತ್ರಿಯರದೆಂದು ಒಪ್ಪಿದ. ಮುಧೋಳದ ಘೋರ್ಪಡೆ ಅರಸರ ಬಳಿಯಿದ್ದ ಪಾರಸಿ ಫರ್ಮಾನುಗಳೂ ಇದನ್ನೇ ಹೇಳುತ್ತವೆ. ಅವುಗಳ ನೈಜತೆ ವಿವಾದಿತ. ಪಟ್ಟಾಭಿಷೇಕಕ್ಕೆ ಕ್ಷತ್ರಿಯತ್ವ ಅಗತ್ಯವಾಗಿದ್ದುದರಿಂದ ವಂಶಾವಳಿ ಆಗ ಹೊಂದಿಸಿದ್ದೆಂದು ಜದುನಾಥ ಸರ್ಕಾರ್ ಮೊದಲಾದವರ ಮತ.

ಕನ್ನಡ ನಾಡಿಗೆ ಹೆಚ್ಚು ಮಹತ್ವದ್ದು ಪುಣೆಯ ಸಂಶೋಧಕ ರಾ. ಚಿಂ. ಢೇರೆ ಅವರ ವಾದ: ಹೊಯ್ಸಳ ಸಂಬಂಧಿ ಬಳಿಯಪ್ಪ 13ನೆಯ ಶತಮಾನದಲ್ಲಿ ಗದಗ ಸಮೀಪದ ಸೊರಟೂರಿನಿಂದ ಸಾತಾರಾ ಸೀಮೆಗೆ ವಲಸೆ ಹೋದ, ಭೋಸಲೆಯರು ಅವನ ಸಂತತಿ. ಶಿಖರ ಶಿಂಗಣಾಪುರದ ಶಂಭುಮಹಾದೇವ ಆ ಮನೆತನದ ಕುಲದೈವವಾಗಿರುವುದು ಇದಕ್ಕೆ ಮುಖ್ಯ ಆಧಾರ. ವಾದ ಸಮರ್ಥವಾದರೂ ಬಳಿಯಪ್ಪನಿಂದ ಬಾಬಾಜಿಯವರೆಗಿನ ಕೊಂಡಿಗಳಿಗೆ ಸಮಕಾಲೀನ ದಾಖಲೆಗಳ ಬೆಂಬಲ ಸಾಲದು. ಮಾಲೋಜಿಯ ಮಗ, ಶಿವಾಜಿಯ ತಂದೆ ಶಹಾಜಿ ಬೆಂಗಳೂರನ್ನು ಜಹಗೀರಾಗಿ ಆಳಿ 1664ರಲ್ಲಿ ತೀರಿಕೊಂಡ. ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ.