ಮ್ಯಾಚ್ ಮುಗಿದ ಮೇಲೆ ಊರಿಗೆ ಬರುವುದು ಹೇಗೆ? ಬೆಂಗಳೂರಿನ ಸ್ಟೇಡಿಯಂಗಳ ಕಥೆ

ಶ್ರವಣಬೆಳಗೊಳದ ರೈಲು ನಿಲ್ದಾಣದಲ್ಲಿ ಮೊನ್ನೆ ಒಬ್ಬ ಹುಡುಗ ಸಿಕ್ಕಿದ. ಪಿಯುಸಿ ಓದುವ ವಯಸ್ಸು. ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಜರ್ಸಿ, ಬೆನ್ನ ಮೇಲೆ ಛೆಟ್ರಿ ಹೆಸರು. ನಮ್ಮ ಕಡೆ ಕ್ರಿಕೆಟ್ ಜರ್ಸಿ ಬೇಕಾದಷ್ಟು ಕಾಣುತ್ತವೆ, ಫುಟ್‌ಬಾಲಿನದು ಅಪರೂಪ. ಅದಕ್ಕೇ ಮಾತಾಡಿಸಿದೆವು.

"ಅಣ್ಣಾ, ಕಂಠೀರವ ಸ್ಟೇಡಿಯಂಗೆ ಎಲ್ಲಿ ಇಳೀಬೇಕು?" ಅಂದ.

ಯಶವಂತಪುರದಲ್ಲಿ ಇಳಿ, ಹಸಿರು ಮೆಟ್ರೊ ಹತ್ತಿ ಮೆಜೆಸ್ಟಿಕ್‌ಗೆ ಬಾ, ಅಲ್ಲಿ ನೇರಳೆ ಮೆಟ್ರೊಗೆ ಬದಲಾಯಿಸಿ ವಿಧಾನಸೌಧದ ಹತ್ತಿರವೋ ಕಬ್ಬನ್ ಪಾರ್ಕಿನ ಹತ್ತಿರವೋ ಇಳಿ, ಅಲ್ಲಿಂದ ಕಾಲ್ನಡಿಗೆ ಎಂದೆವು. ಬಾಯಿಪಾಠ ಮಾಡಿಕೊಂಡ. ಆಮೇಲೆ ಕೇಳಿದ: "ಮ್ಯಾಚ್ ಮುಗುದ್ಮೇಲೆ ವಾಪಸ್ ಬರಾದು?"

ಅದಕ್ಕೆ ನಮ್ಮ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ. ದೊಡ್ಡ ಮ್ಯಾಚುಗಳು ಸಾಮಾನ್ಯವಾಗಿ ರಾತ್ರಿ ಏಳೂವರೆಗೆ ಶುರು. ಯಶವಂತಪುರದಿಂದ ಹಾಸನಕ್ಕೆ ಬರುವ ಸಂಜೆಯ ಇಂಟರ್‌ಸಿಟಿ ಆಟ ಶುರುವಾಗುವ ಮೊದಲೇ ಹೊರಟಿರುತ್ತದೆ. 2023ರ ಜುಲೈ 4ರಂದು ನಾವು ಮೂವರು ಸ್ಯಾಫ್ ಫೈನಲ್ ನೋಡಲು ಕಂಠೀರವಕ್ಕೆ ಹೋಗಿದ್ದೆವು. ಭಾರತ, ಕುವೈತ್. 1-1ಕ್ಕೆ ಸಮ ಆಯಿತು, ಹೆಚ್ಚುವರಿ ಸಮಯ ಆಯಿತು, ಪೆನಾಲ್ಟಿಗೆ ಹೋಯಿತು. ಭಾರತ ಗೆದ್ದಿತು. ಗೆದ್ದ ಖುಷಿಯಲ್ಲಿ ಮೆಜೆಸ್ಟಿಕ್ ತಲುಪಿ ಹಾಸನದ ಬಸ್ ಹಿಡಿದು ಚನ್ನರಾಯಪಟ್ಟಣದಲ್ಲಿ ಇಳಿದಾಗ ನಡುರಾತ್ರಿ ದಾಟಿ ಬಹಳ ಹೊತ್ತಾಗಿತ್ತು. ಬೆಳಗೊಳದ ಮೊದಲ ಬಸ್ ಬರುವ ತನಕ ನಿಲ್ದಾಣದ ಕಲ್ಲುಬೆಂಚೇ ಗತಿ. ಸೊಳ್ಳೆಗಳಿಗೆ ಅವತ್ತು ನಮ್ಮಿಂದ ಹಬ್ಬ.

ಹುಡುಗನ ಪ್ರಶ್ನೆ ಚಿಕ್ಕದು. ಆದರೆ ಬೆಂಗಳೂರಿನ ಸ್ಟೇಡಿಯಂಗಳ ಚರಿತ್ರೆ ತಿರುವಿ ಹಾಕಿದರೆ, ಜಾಗ ಗೊತ್ತುಮಾಡಿದವರು ಆ ಪ್ರಶ್ನೆ ಕೇಳಿಕೊಂಡ ಗುರುತೇ ಸಿಗುವುದಿಲ್ಲ. ಸಿಗುವುದೆಲ್ಲ ಕೆರೆಗಳು.

ಹೌದು, ಕೆರೆಗಳು. ಕಂಠೀರವ ಸ್ಟೇಡಿಯಂ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಇರುವುದು ಶೂಲೆ ಕೆರೆಯ ಜಾಗದಲ್ಲಿ. ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ನಾವೆಲ್ಲ ಹಾಸನದಿಂದ ಹೋಗಿ ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣ ಕೂಡ ಧರ್ಮಾಂಬುಧಿ ಕೆರೆ.

ಸಂಪಂಗಿ ಕೆರೆಯ ಕಥೆ ಸ್ವಲ್ಪ ನಿಧಾನಕ್ಕೆ ಹೇಳಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಈ ಕೆರೆಯ ನೀರು ದಂಡು ಪ್ರದೇಶಕ್ಕೆ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿಗೆ ಕುಡಿಯಲು ಹೋಗುತ್ತಿತ್ತು. ಸುತ್ತ ತಿಗಳ ಸಮುದಾಯದವರು ಹೂವು, ತರಕಾರಿ ಬೆಳೆಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ನೀರು ಮನೆ ಬಾಗಿಲಿಗೇ ಬಂದ ಮೇಲೆ ಕೆರೆ ಯಾರಿಗೆ ಬೇಕು? ಹೂಳೆತ್ತುವವರಿಲ್ಲ, ಕಾಲುವೆ ಕಾಯುವವರಿಲ್ಲ. ಕೆರೆ ಸೊರಗುತ್ತಾ ಬಂತು, ಅಂಗಳ ಬಯಲಾಯಿತು, ಬಯಲು ಆಟದ ಮೈದಾನವಾಯಿತು, ಮೈದಾನ ಸ್ಟೇಡಿಯಂ ಆಯಿತು. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರಿಗೆ ಬಂದಾಗ ಅದು ಈಗಿನ ರೂಪ ಪಡೆಯಿತು. ಕರಗದ ವಿಧಿಗಳಿಗೆಂದು ಉಳಿಸಿಕೊಂಡ ಒಂದು ಪುಟ್ಟ ಕೊಳ ಮಾತ್ರ ಇವತ್ತಿಗೂ ಸ್ಟೇಡಿಯಂ ಪಕ್ಕದಲ್ಲಿದೆ. ಹೋದಾಗ ನೋಡಿ ಬನ್ನಿ. ಒಂದು ಕಾಲದ ದೊಡ್ಡ ಕೆರೆಯ ಉಳಿಕೆ ಅದು.

ಕೆರೆಯೇ ಯಾಕೆ ಅಂದರೆ ಹಳ್ಳಿಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆ ಬಂದರೆ ನಮ್ಮೂರ ಹುಡುಗರು ವಿಕೆಟ್ ನೆಡುವುದು ಎಲ್ಲಿ? ಕೆರೆ ಅಂಗಳದಲ್ಲೇ. ನೆಲ ಸಮತಟ್ಟು, ಏರಿ ಮೇಲೆ ಕೂತರೆ ಗ್ಯಾಲರಿ, ಯಾರದೇ ಪಹಣಿಯಲ್ಲಿ ಇಲ್ಲದ ಜಾಗ. ಪಟ್ಟಣದಲ್ಲೂ ಲೆಕ್ಕ ಅದೇ. ಸರ್ಕಾರಿ ಜಮೀನು, ಪರಿಹಾರ ಕೊಡುವ ತಂಟೆ ಇಲ್ಲ, ಒಕ್ಕಲೆಬ್ಬಿಸುವ ಗಲಾಟೆ ಇಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ಹುಡುಗರು ಮಳೆ ಬಂದರೆ ವಿಕೆಟ್ ಕಿತ್ತುಕೊಂಡು ಮನೆಗೆ ಹೋಗುತ್ತಾರೆ, ಕೆರೆ ಮತ್ತೆ ಕೆರೆಯಾಗುತ್ತದೆ.

ಹಾಗಾಗಿ ಜನ ಬರುವುದು ಹೇಗೆ ಎಂಬುದು ಆಮೇಲಿನ ಮಾತಾಯಿತು. ಆದರೂ ಹಳೆಯ ಕಾಲಕ್ಕೆ ಅದೇನೂ ದೊಡ್ಡ ತೊಂದರೆ ಆಗಲಿಲ್ಲ ಎನ್ನುವುದನ್ನೂ ಹೇಳಬೇಕು. ಯಾಕೆಂದರೆ ಬೆಂಗಳೂರಿನ ಫುಟ್‌ಬಾಲ್ ಹುಟ್ಟಿದ್ದು ಕಂಟೋನ್ಮೆಂಟಿನ ಸಿಪಾಯಿಗಳ ನಡುವೆ, ಬೆಳೆದದ್ದು ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದಂಥ ಬಡವರ ಬೀದಿಗಳಲ್ಲಿ. 1937ರಲ್ಲಿ ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ಇಲ್ಲಿಯದೇ ತಂಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ತಂಡ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಆ ಆಟ ನೋಡುವ ಜನ ಅಕ್ಕಪಕ್ಕದ ಬೀದಿಗಳವರು. ನಡೆದು ಬರುತ್ತಿದ್ದರು, ಸೈಕಲ್ಲಿನಲ್ಲಿ ಬರುತ್ತಿದ್ದರು. ಶೂಲೆ ಕೆರೆಯ ಜಾಗ ಅವರಿಗೆ ಮನೆ ಮುಂದಿನ ಅಂಗಳದ ಹಾಗೆ. ಚನ್ನರಾಯಪಟ್ಟಣದ ಹುಡುಗ ಟಿಕೆಟ್ ಕೊಂಡು ಬರುತ್ತಾನೆ ಎಂದು ಆಗ ಯಾರು ಎಣಿಸಿದ್ದರು?

ಪ್ರಪಂಚದಲ್ಲಿ ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಲಂಡನ್ನಿನಲ್ಲಿ ಆರ್ಸೆನಲ್ ಎಂಬ ತಂಡವಿದೆ, ನಮ್ಮ ಹುಡುಗರಿಗೆ ಗೊತ್ತಿರುತ್ತದೆ. ಮೊದಲು ಅದು ಊರ ಅಂಚಿನ ಪ್ಲಮ್‌ಸ್ಟೆಡ್‌ನಲ್ಲಿತ್ತು. ಅಲ್ಲಿಗೆ ಹೋಗುವುದೇ ಕಷ್ಟ, ನೋಡುವವರು ಕಡಿಮೆ, ಕ್ಲಬ್ಬಿನ ಕೈ ಬರಿದು. ಆಗ ಹೆನ್ರಿ ನಾರಿಸ್ ಎಂಬ ಯಜಮಾನರು ಜಾಗ ಹುಡುಕಿದರು. ಅವರ ಕಣ್ಣು ಬಿದ್ದದ್ದು ಹೈಬರಿಯಲ್ಲಿ ಒಂದು ಕಾಲೇಜಿನ ಆಟದ ಬಯಲಿನ ಮೇಲೆ. ಕಾರಣ, ಪಕ್ಕದಲ್ಲೇ 1906ರಲ್ಲಿ ನೆಲದಡಿ ರೈಲಿನ ಗಿಲೆಸ್ಪಿ ರೋಡ್ ನಿಲ್ದಾಣ ತೆರೆದಿತ್ತು. 1913ರಲ್ಲಿ ತಂಡ ಅಲ್ಲಿಗೆ ಬಂತು. 1932ರಲ್ಲಿ ಆ ನಿಲ್ದಾಣದ ಹೆಸರನ್ನೇ 'ಆರ್ಸೆನಲ್' ಎಂದು ಬದಲಾಯಿಸಿದರು. ಊರಿನ ಹೆಸರು ರೈಲು ನಿಲ್ದಾಣಕ್ಕೆ ಇಡುವುದು ನೋಡಿದ್ದೇವೆ, ಆಟದ ತಂಡದ ಹೆಸರು ಇಟ್ಟದ್ದು ಅಪರೂಪ.

ಅದೇ ಲಂಡನ್ನಿನ ವೆಂಬ್ಲಿಯ ಕಥೆ ಇನ್ನೂ ಮಜವಾಗಿದೆ. ಎಡ್ವರ್ಡ್ ವಾಟ್ಕಿನ್ ಎಂಬ ರೈಲ್ವೆ ಕಂಪನಿಯ ಮುಖ್ಯಸ್ಥ, ತನ್ನ ರೈಲಿಗೆ ಜನ ಹತ್ತಲಿ ಎಂದು, ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕಿಂತ ಎತ್ತರದ ಗೋಪುರ ಕಟ್ಟಲು ಹೊರಟ. ಮೊದಲ ಅಂತಸ್ತಿಗೇ ಕೆಲಸ ನಿಂತಿತು. 1907ರಲ್ಲಿ ಅದನ್ನೂ ಕೆಡವಿದರು. ಗೋಪುರ ಹೋದರೂ ರೈಲು ನಿಲ್ದಾಣ ಉಳಿಯಿತು. 1923ರಲ್ಲಿ ಅದೇ ಜಾಗದಲ್ಲಿ ವೆಂಬ್ಲಿ ಸ್ಟೇಡಿಯಂ ಎದ್ದಿತು. ಆದರೆ ಆ ವರ್ಷ ಏಪ್ರಿಲ್ 28ರ ಮೊದಲ ಫೈನಲ್ಲಿಗೆ ಮುಂಗಡ ಟಿಕೆಟ್ ಕಡ್ಡಾಯ ಮಾಡಿರಲಿಲ್ಲ. ಲೆಕ್ಕಕ್ಕೆ ಸಿಕ್ಕ ಜನವೇ 1,26,047. ಗೋಡೆ ಹಾರಿ ಬಂದವರು ಬೇರೆ. ಜನ ಮೈದಾನದೊಳಕ್ಕೇ ತುಂಬಿಕೊಂಡರು, ಕುದುರೆ ಪೊಲೀಸರು ಅವರನ್ನು ಗೆರೆಯಾಚೆ ಸರಿಸಿದ ಮೇಲೆ ಆಟ ಶುರುವಾಯಿತು. ಮುಂದಿನ ವರ್ಷದಿಂದ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ. ರೈಲು ಎಷ್ಟು ಜನರನ್ನು ತಂದು ಸುರಿಯಬಲ್ಲದು ಎಂಬುದು ಅವತ್ತು ಗೊತ್ತಾಯಿತು.

ನಮಗೆ ಅದು ಗೊತ್ತಾಗಲು 2025ರ ಜೂನ್ 4 ಬರಬೇಕಾಯಿತು.

ಚಿನ್ನಸ್ವಾಮಿ ಸ್ಟೇಡಿಯಂ ಕ್ರಿಕೆಟ್ಟಿನದು, ಸರಿ. ಆದರೆ ಜಾಗದ ವಿಷಯಕ್ಕೆ ಆಟ ಯಾವುದಾದರೇನು. ಅಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರಲ್ಲಿ. ಎಂ.ಜಿ. ರಸ್ತೆಗೆ ಮೆಟ್ರೊ ಬಂದದ್ದು 2011ರಲ್ಲಿ, ಬಾಗಿಲಿಗೇ ಎನ್ನುವಂತೆ ಕಬ್ಬನ್ ಪಾರ್ಕ್ ನಿಲ್ದಾಣ ತೆರೆದದ್ದು 2016ರಲ್ಲಿ. ಕೋಲ್ಕತ್ತಾದ ಸಾಲ್ಟ್ ಲೇಕ್ ಫುಟ್‌ಬಾಲ್ ಸ್ಟೇಡಿಯಂ 1984ರದು, ಅದರ ಮೆಟ್ರೊ ನಿಲ್ದಾಣ 2020ರದು. ನಮ್ಮ ದೇಶದಲ್ಲಿ ಸ್ಟೇಡಿಯಂ ಮೊದಲು, ರೈಲು ಮೊಮ್ಮಕ್ಕಳ ಕಾಲಕ್ಕೆ.

ಅವತ್ತು ಆರ್‌ಸಿಬಿ ವಿಜಯೋತ್ಸವ. ಸುಮಾರು 35 ಸಾವಿರ ಸೀಟಿನ ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ. ಮೆಟ್ರೊದಲ್ಲಿ ಆ ಒಂದು ದಿನ 9.66 ಲಕ್ಷ ಪ್ರಯಾಣ ದಾಖಲಾಯಿತು. ಕೊನೆಗೆ ಕಬ್ಬನ್ ಪಾರ್ಕಿನಲ್ಲಿ ರೈಲು ನಿಲ್ಲಿಸುವುದನ್ನೇ ಬಿಟ್ಟರು. ಗೇಟುಗಳ ಮುಂದೆ ನೂಕುನುಗ್ಗಲಾಗಿ 11 ಜನ ಸತ್ತರು. ಬಹುಪಾಲು ಎಳೆಯರು. ಆ ಸಂಜೆ ನಮ್ಮ ಫೋನಿಗೆ ಹಳ್ಳಿಗಳಿಂದ ಬಂದ ಕರೆಗಳು ನೆನಪಿವೆ. "ನಮ್ಮುಡ್ಗ ಬೆಂಗ್ಳೂರಲ್ಲವ್ನೆ, ಫೋನ್ ಎತ್ತುತಾ ಇಲ್ಲ, ಏನಾರ ಗೊತ್ತಾ?" ನಮಗೂ ಗೊತ್ತಿರಲಿಲ್ಲ. ನೆಟ್‌ವರ್ಕೇ ಸಿಗುತ್ತಿರಲಿಲ್ಲ.

ಅದರ ತನಿಖೆ ಮಾಡಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಆಯೋಗ, ಅಂಥ ಭಾರಿ ಜನಸಂದಣಿಗೆ ಈ ಸ್ಟೇಡಿಯಂ ತಕ್ಕುದಲ್ಲ ಎಂದಿತು. ದೊಡ್ಡ ಸಮಾರಂಭ ಮಾಡುವ ಜಾಗ ಹೇಗಿರಬೇಕು ಎಂದೂ ಹೇಳಿತು. ಸರತಿಗೆ ನಿಲ್ಲಲು ಸಾರ್ವಜನಿಕ ರಸ್ತೆಯಿಂದ ಬೇರೆಯಾದ ಜಾಗ ಇರಬೇಕು. ಒಳಗೆ ಬರಲು, ಹೊರಗೆ ಹೋಗಲು ಸಾಕಷ್ಟು ಗೇಟು ಇರಬೇಕು. ಸಾರ್ವಜನಿಕ ಸಾರಿಗೆಗೆ ಜೋಡಿಕೊಂಡಿರಬೇಕು. ಮೂರನೆಯ ಮಾತು ಮೊದಲೆರಡರ ಜೊತೆಗೇ ಬಂದಿದೆ ಎಂಬುದನ್ನು ಗಮನಿಸಿ. ಚಿನ್ನಸ್ವಾಮಿಗೆ ಮೆಟ್ರೊ ಇತ್ತು, ಬಸ್ ಇತ್ತು. ಬಂದವರು ನಿಲ್ಲಲು ಮಾತ್ರ ಫುಟ್‌ಪಾತ್ ಬಿಟ್ಟರೆ ಏನೂ ಇರಲಿಲ್ಲ.

2025ರ ಆಗಸ್ಟ್‌ನಲ್ಲಿ ಸರ್ಕಾರ ಆನೇಕಲ್ ತಾಲ್ಲೂಕಿನ ಸೂರ್ಯನಗರ ನಾಲ್ಕನೇ ಹಂತದಲ್ಲಿ 80 ಸಾವಿರ ಸೀಟಿನ ಕ್ರಿಕೆಟ್ ಸ್ಟೇಡಿಯಂ ಕಟ್ಟುವ ಯೋಜನೆ ಪ್ರಕಟಿಸಿತು. ಗೃಹಮಂಡಳಿಯ ಜಮೀನು. ಅದೇ ತಿಂಗಳ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾಯಿತು. ಎರಡನ್ನೂ ಒಟ್ಟಿಗೆ ಕೇಳಿದರೆ ಭಲೇ ಅನಿಸುತ್ತದೆ. ಆದರೆ ಹಳದಿ ಮಾರ್ಗ ಬೊಮ್ಮಸಂದ್ರಕ್ಕೇ ಕೊನೆ. ಮುಂದಕ್ಕೆ ಬಸ್ಸೋ, ಆಟೋನೋ, ಸ್ವಂತ ಗಾಡಿಯೋ. 80 ಸಾವಿರ ಜನ ರಾತ್ರಿ ಒಂದೇ ಸಲ ಎದ್ದು ಹೊರಟರೆ? ಈ ಲೆಕ್ಕ ಸ್ಟೇಡಿಯಂ ಎದ್ದ ಮೇಲೆ ಹಾಕುವುದಲ್ಲ, ತಳಪಾಯ ತೋಡುವ ಮೊದಲು ಹಾಕುವುದು. ಈ ಸಲವೂ ಮೊದಲು ಸಿಕ್ಕಿದ್ದು ಖಾಲಿ ಜಮೀನೇ ಎಂಬ ಅನುಮಾನ ನಮಗೆ ಹೋಗಿಲ್ಲ. ಕೆರೆಯಲ್ಲ ಎಂಬುದೇ ಸಮಾಧಾನ.

ಬೆಳಗೊಳದವರಿಗೆ ಜನಸಂದಣಿ ಹೊಸದಲ್ಲ. ಸಾವಿರ ವರ್ಷದ ಹಿಂದೆ ಚಾವುಂಡರಾಯ ಗೊಮ್ಮಟನಿಗೆ ಬೆಟ್ಟ ಆರಿಸಿದ್ದು ಕಲ್ಲು ನೋಡಿ, ದಾರಿ ನೋಡಿ ಅಲ್ಲ. ಬೆಂಗಳೂರಿನಿಂದ ಕುಣಿಗಲ್ ಮೇಲೆ ಹಾಸನಕ್ಕೆ ಬರುವ ರೈಲು ಮಾರ್ಗ, ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ ಮಂಜೂರಾಗಿ, ಪೂರ್ತಿ ತೆರೆದದ್ದು 2017ರ ಮಾರ್ಚ್ 26ರಂದು. ಮರುವರ್ಷ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ. ವಿಶೇಷ ರೈಲು ಬಂದವು, ಊರ ಸುತ್ತ ತಾತ್ಕಾಲಿಕ ಉಪನಗರಗಳು ಎದ್ದವು. ಇಂದ್ರಗಿರಿಯನ್ನು ಎತ್ತಿ ರೈಲಿನ ಪಕ್ಕ ಇಡಲಾಗದು, ಆದ್ದರಿಂದ ರೈಲನ್ನೇ ಇತ್ತ ತಂದರು. ಸ್ಟೇಡಿಯಂಗೆ ಆ ಕಟ್ಟುಪಾಡಿಲ್ಲ, ಎಲ್ಲಿ ಬೇಕಾದರೂ ಕಟ್ಟಬಹುದು.

ಇದು ಬೆಂಗಳೂರಿನವರ ತಲೆನೋವು, ನಮಗೇನು ಅನ್ನಬೇಡಿ. ನಮ್ಮ ಕಡೆಯ ಒಂದು ತಾಲ್ಲೂಕಿನಲ್ಲಿ ಮೈದಾನವೊಂದನ್ನು ಊರಾಚೆಯ ಗೋಮಾಳದಲ್ಲಿ ಮಾಡಿದ್ದಾರೆ. ಟ್ರ್ಯಾಕ್ ಚೆನ್ನಾಗಿದೆ. ಬಸ್ ನಿಲ್ದಾಣದಿಂದ ಅಲ್ಲಿಗೆ ನಡೆಯಲು ಮುಕ್ಕಾಲು ಗಂಟೆ, ದಾರಿಯಲ್ಲಿ ದೀಪವಿಲ್ಲ. ಸಂಜೆ ಅಭ್ಯಾಸಕ್ಕೆ ಹುಡುಗರು ಬೈಕಿನಲ್ಲಿ ಬರುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳು ಊರಿನ ಕೊನೆ ಬಸ್ ತಪ್ಪುತ್ತದೆ ಎಂದು ಅರ್ಧಕ್ಕೇ ಶೂ ಬಿಚ್ಚುತ್ತಾರೆ. ಇಬ್ಬರು ಬರುವುದನ್ನೇ ಬಿಟ್ಟಿದ್ದನ್ನು ನಾವು ನೋಡಿದ್ದೇವೆ. ಜಾಗ ಅಳತೆ ಮಾಡಿದ ದಿನ ಬಸ್ ವೇಳಾಪಟ್ಟಿ ಒಂದನ್ನು ಕೈಯಲ್ಲಿ ಹಿಡಿದಿದ್ದರೆ ಸಾಕಿತ್ತು.

ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, 54 ವರ್ಷಗಳ ಮೇಲೆ. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ನಮ್ಮವರು ಅದನ್ನು ಫೋನಿನಲ್ಲೇ ನೋಡಿದರು. ಮನೆಗೆ ಹೋಗುವ ಚಿಂತೆ ಯಾರಿಗೂ ಇರಲಿಲ್ಲ.

ರೈಲು ಬರುವ ಹೊತ್ತಾಗಿತ್ತು. ಹುಡುಗ ತನ್ನ ಟಿಕೆಟ್ಟಿನ ಹಿಂದೆ ನಾವು ಹೇಳಿದ ದಾರಿ ಬರೆದುಕೊಂಡಿದ್ದ: ಯಶವಂತಪುರ, ಮೆಜೆಸ್ಟಿಕ್, ಕಬ್ಬನ್ ಪಾರ್ಕ್. ಬರುವ ದಾರಿಗೆ 'ಮೆಜೆಸ್ಟಿಕ್, ಹಾಸನ ಬಸ್, ಚ.ರಾ.ಪಟ್ಟಣ' ಎಂದು ಬರೆಸಿದೆವು. ಅದರ ಮುಂದೆ ಏನು ಬರೆಯಲಿ ಎಂದ. ಸೊಳ್ಳೆಬತ್ತಿ ತಗೊಂಡು ಹೋಗು ಎಂದೆವು.