ಎಲೆಗೂ ಪುಡಿಗೂ ನಡುವೆ ಸಿಕ್ಕಿಬಿದ್ದ ನಾಯಕ

2017ರ ಅಕ್ಟೋಬರ್ 5ರಂದು ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾ ಮತ್ತು ಪೆರು ನಡುವಿನ ಪಂದ್ಯ ಗೋಲಿಲ್ಲದೆ ಮುಗಿಯಿತು. ಆಟದ ನಂತರ ಪೆರು ನಾಯಕ ಪಾವ್ಲೊ ಗೆರೆರೊ ಮೂತ್ರದ ಮಾದರಿ ಕೊಟ್ಟರು. ಐದು ದಿನ ಬಿಟ್ಟು ಲಿಮಾದಲ್ಲಿ ಕೊಲಂಬಿಯಾ ವಿರುದ್ಧ ಅವರು ಒದ್ದ ಫ್ರೀ ಕಿಕ್ ಗೋಲಿಯ ಕೈಗೆ ತಾಗಿ ಬಲೆ ಸೇರಿತು. 1982ರ ನಂತರ ವಿಶ್ವಕಪ್ ಕಾಣದ ದೇಶಕ್ಕೆ ಕೊನೆಯ ಸುತ್ತಿನ ಬಾಗಿಲು ತೆರೆಯಿತು. ನವೆಂಬರ್ ಆರಂಭದಲ್ಲಿ ಪರೀಕ್ಷೆಯ ವರದಿ ಬಂತು. ಮಾದರಿಯಲ್ಲಿ ಬೆಂಜಾಯ್ಲೆಕ್ಗೊನಿನ್ ಇತ್ತು. ಕೊಕೇನ್ ದೇಹದೊಳಗೆ ಒಡೆದಾಗ ಉಳಿಯುವ ವಸ್ತು ಅದು.

ತಂಡ ತಂಗಿದ್ದ ಹೋಟೆಲಿನಲ್ಲಿ ಕುಡಿದ ಚಹಾದಿಂದ ಇದು ಬಂದಿದೆ ಎಂದರು ಗೆರೆರೊ. ಸಿಕ್ಕಿಬಿದ್ದವರೆಲ್ಲ ಹೇಳುವ ನೆಪದಂತೆ ಕೇಳುತ್ತದೆ, ನಿಜ. ಆದರೆ ಪೆರುವಿನಲ್ಲಿ ಕೋಕಾ ಎಲೆಯ ಚಹಾ ಕಾನೂನುಬದ್ಧ, ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರುತ್ತಾರೆ. ಎಲೆಯಲ್ಲಿ ಕೊಕೇನ್ ಅಂಶ ಸಹಜವಾಗಿಯೇ ಇರುತ್ತದೆ, ಒಂದು ಪೊಟ್ಟಣದಲ್ಲಿ ಸುಮಾರು 5 ಮಿಲಿಗ್ರಾಂ. ಮೂತ್ರದಲ್ಲಿ ಆ ವಸ್ತು ಸಿಕ್ಕಿತು ಎಂದಷ್ಟಕ್ಕೇ ಅದು ಲೋಟದಿಂದ ಬಂತೋ ಮೂಗಿನಿಂದ ಬಂತೋ ಗೊತ್ತಾಗುವುದಿಲ್ಲ.

ಇಲ್ಲಿ ಕಥೆ ಐದು ಶತಮಾನ ಹಿಂದಕ್ಕೆ ಹೋಗುತ್ತದೆ. ಆಂಡೀಸ್ ಜನ ಕೋಕಾ ಎಲೆಯನ್ನು ಸುಣ್ಣ ಅಥವಾ ಬೂದಿ ಸೇರಿಸಿ ಜಗಿಯುತ್ತಾರೆ, ಹೆಚ್ಚುಕಡಿಮೆ ನಮ್ಮ ಎಲೆಯಡಿಕೆಯ ಹಾಗೆ. ದೇವರಿಗೆ, ಅತಿಥಿಗೆ, ಬೆಟ್ಟದ ದಣಿವಿಗೆ, ಎಲ್ಲಕ್ಕೂ ಅದೇ ಎಲೆ. 16ನೇ ಶತಮಾನದಲ್ಲಿ ಸ್ಪೇನಿನ ಪಾದ್ರಿಗಳು ಅದನ್ನು ಖಂಡಿಸಿದರು. ಆದರೆ ಪೊಟೊಸಿಯ ಬೆಳ್ಳಿ ಗಣಿಯಲ್ಲಿ ಕೂಲಿಗಳು ಎಲೆಯಿಲ್ಲದೆ ದುಡಿಯರು ಎಂದು ಅರಿತಾಗ ಆಳುವವರು ಅದರ ವ್ಯಾಪಾರಕ್ಕೆ ಬಿಟ್ಟುಕೊಟ್ಟರು. 1860ರ ಹೊತ್ತಿಗೆ ಜರ್ಮನಿಯ ಆಲ್ಬರ್ಟ್ ನೀಮನ್ ಎಲೆಯಿಂದ ಕೊಕೇನ್ ಬೇರ್ಪಡಿಸಿದರು. ಕೆಟ್ಟ ಹೆಸರು ತಂದದ್ದು ಪುಡಿ. ಆದರೆ 1961ರ ವಿಶ್ವಸಂಸ್ಥೆಯ ಒಪ್ಪಂದ ಎಲೆ ಜಗಿಯುವುದನ್ನೂ 25 ವರ್ಷಗಳಲ್ಲಿ ನಿಲ್ಲಿಸಬೇಕೆಂದಿತು.

ಗೆರೆರೊ ಪರ ವಕೀಲರು ಈ ಚರಿತ್ರೆಯನ್ನೇ ಸಾಕ್ಷಿಗೆ ಕರೆದರು. 1999ರಲ್ಲಿ ಅರ್ಜೆಂಟೀನಾದ ಯುಯಾಯಾಕೊ ಜ್ವಾಲಾಮುಖಿಯ ತುದಿಯಲ್ಲಿ, 6,700 ಮೀಟರಿಗೂ ಎತ್ತರದಲ್ಲಿ, ಇಂಕಾ ಕಾಲದಲ್ಲಿ ಬಲಿಯಾದ ಮೂವರು ಮಕ್ಕಳ ದೇಹಗಳು ಸಿಕ್ಕಿದ್ದವು. ಅವರ ಕೂದಲಿನಲ್ಲೂ ಅದೇ ಬೆಂಜಾಯ್ಲೆಕ್ಗೊನಿನ್ ಇತ್ತು. ಕೊಕೇನ್ ಪುಡಿ ಹುಟ್ಟುವುದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು!

ಫಿಫಾ ಮೊದಲು ಒಂದು ವರ್ಷ ನಿಷೇಧಿಸಿತು, ಮೇಲ್ಮನವಿಯಲ್ಲಿ ಆರು ತಿಂಗಳಿಗೆ ಇಳಿಸಿತು. ಅಷ್ಟೂ ಬೇಡ ಎಂದು ಗೆರೆರೊ, ಅಷ್ಟು ಸಾಲದು ಎಂದು ವಾಡಾ, ಇಬ್ಬರೂ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2018ರ ಮೇ 14ರಂದು ಮಂಡಳಿ ಕೊಟ್ಟ ತೀರ್ಪು ವಿಚಿತ್ರವಾಗಿತ್ತು. ಆಟದ ಬಲ ಹೆಚ್ಚಿಸಿಕೊಳ್ಳುವ ಉದ್ದೇಶ ಅವರಿಗಿರಲಿಲ್ಲ, ತಪ್ಪು ದೊಡ್ಡದಲ್ಲ ಎಂದು ಒಪ್ಪಿತು. ಆದರೂ ಎಚ್ಚರ ವಹಿಸಬಹುದಿತ್ತು, ಇಂಥ ತಪ್ಪಿಗೆ ನಿಯಮದಲ್ಲಿ ಒಂದು ವರ್ಷಕ್ಕಿಂತ ಕಡಿಮೆ ಶಿಕ್ಷೆಯಿಲ್ಲ ಎಂದು ನಿಷೇಧವನ್ನು 14 ತಿಂಗಳಿಗೆ ಏರಿಸಿತು. ದೇಹದಲ್ಲಿ ಏನೇ ಸಿಕ್ಕರೂ ಆಟಗಾರನೇ ಹೊಣೆ ಎಂಬ ನಿಯಮ ಇಲ್ಲದಿದ್ದರೆ ಮೋಸಗಾರರೆಲ್ಲ ಚಹಾದ ಕಥೆ ಹೇಳುತ್ತಿದ್ದರು, ಒಪ್ಪೋಣ. ಆದರೆ ಅವನ ಕಥೆಯನ್ನು ನಂಬಿದ ಮೇಲೂ 34 ವರ್ಷದವನ ಮೊದಲ ವಿಶ್ವಕಪ್ಪನ್ನೇ ಕಸಿಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಎದುರಾಳಿಗಳಿಗೂ ಕಾಣಲಿಲ್ಲ. ಪೆರುವಿನ ಗುಂಪಿನಲ್ಲಿದ್ದ ಫ್ರಾನ್ಸ್, ಡೆನ್ಮಾರ್ಕ್, ಆಸ್ಟ್ರೇಲಿಯಾದ ನಾಯಕರಾದ ಲೋರಿಸ್, ಕ್ಯಾರ್, ಜೆಡಿನಾಕ್ ಮೂವರೂ ಅವರನ್ನು ಆಡಲು ಬಿಡಿ ಎಂದು ಫಿಫಾಗೆ ಪತ್ರ ಬರೆದರು. ಮೇ 31ರಂದು ಸ್ವಿಸ್ ಫೆಡರಲ್ ನ್ಯಾಯಾಲಯ ನಿಷೇಧಕ್ಕೆ ತಾತ್ಕಾಲಿಕ ತಡೆ ಕೊಟ್ಟಿತು. ಜೂನ್ 26ರಂದು ಸೋಚಿಯಲ್ಲಿ ಪೆರು ಆಸ್ಟ್ರೇಲಿಯಾವನ್ನು 2-0ರಿಂದ ಸೋಲಿಸಿತು. ಎರಡನೇ ಗೋಲು ಗೆರೆರೊ ಅವರದು. ಗೋಲು ತಿಂದ ತಂಡದ ನಾಯಕ ಆ ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು.

ಆಗಸ್ಟ್‌ನಲ್ಲಿ ತಡೆ ತೆರವಾಯಿತು. ಉಳಿದ ತಿಂಗಳುಗಳನ್ನು ಮೈದಾನದ ಹೊರಗೆ ಕಳೆದ ಗೆರೆರೊ 2019ರ ಏಪ್ರಿಲ್‌ನಲ್ಲಿ ಮರಳಿದರು. ಅದೇ ಜುಲೈನಲ್ಲಿ ಮರಕಾನಾದಲ್ಲಿ ನಡೆದ ಕೋಪಾ ಅಮೆರಿಕಾ ಫೈನಲ್ಲಿನಲ್ಲಿ ಬ್ರೆಜಿಲ್ ವಿರುದ್ಧ ಪೆನಾಲ್ಟಿ ಗೋಲು ಹೊಡೆದರು. ಪೆರು 3-1ರಿಂದ ಸೋತಿತು.